ಅಮ್ಮನ ಸೀತಾ ಅಶೋಕ ಉಳೀತು, ನಿಮ್ಮೆಲ್ರಿಗೂ ಥ್ಯಾಂಕ್ಸ್

ಭಾನುವಾರದಿಂದ ಬರೀಬೇಕು ಬರೀಬೇಕು ಅಂತಾನೇ ಇದೀನಿ, ಯಾರಿಂದ ಶುರು ಮಾಡೋದು ಅಂತ ಗೊತ್ತಾಗ್ದೆ ಫೋನ್ ಪಕ್ಕಕ್ಕಿಟ್ಬಿಡ್ತಿದ್ದೆ. ಇವತ್ತು ಬರೆದೇಬಿಡ್ತೀನಿ.

ಕುವೆಂಪುನಗರದ ನಮ್ ಸಸ್ಯವನಾನ ನೋಡ್ಕೊಳ್ತಿದ್ದಿದ್ದು ಅಮ್ಮ, ನಾನು, ಇನ್ನೊಂದು ನಾಕೈದು ಮನೆಯವ್ರು. ಈ ಸಲ ಆಷಾಢದಲ್ಲಿ ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರೀತು, ಆಪರೇಷನ್ನು, ಫಿಸಿಯೋಥೆರಪಿ, ಮನೆ ಆಸ್ಪತ್ರೆ ಮನೆ ಆಸ್ಪತ್ರೆ ಅಂತ ಓಡಾಡೋದ್ರಲ್ಲೇ ಮಳೆಗಾಲ ಮುಗ್ದೋಯ್ತು, ಮಿಕ್ಕೋರ್ಗೂ ಅವರವರ ತಾಪತ್ರಯ. ಜಂಬೂಸವಾರಿ ಆದ್ಮೇಲೆ ಒಂದಿನ ಹೋಗಿ ನೋಡಿದ್ರೆ ಅಳು ಬಂದ್ಬಿಡ್ತು. ಎದೆಮಟ್ಟ ಕಾಂಗ್ರೆಸ್ ಗಿಡ, ಔಷಧಿ ಗಿಡದ ಪಾತಿ ಎಲ್ಲಿತ್ತು ಅಂತಾನೇ ಕಾಣ್ತಿಲ್ಲ, ಹೊಂಗೆ ಕೊಂಬೆ ಮುರ್ಕೊಂಡು ಡ್ರಿಪ್ ಪೈಪ್ ಮೇಲೆ ಬಿದ್ದಿದೆ.

ಅವತ್ತು ರಾತ್ರಿ ಗ್ರೂಪಲ್ಲಿ ಒಂದು ಮೆಸೇಜ್ ಹಾಕ್ದೆ, ಹತ್ತು ಜನ ಬಂದ್ರೆ ಪುಣ್ಯ ಅನ್ಕೊಂಡು. ಭಾನುವಾರ ಬೆಳಗ್ಗೆ 6:30ಕ್ಕೆ ಗೇಟ್ ಹತ್ರ ಹೋದ್ರೆ ಆಗ್ಲೇ ಕುಡುಗೋಲು, ಗುದ್ದಲಿ, ಮಂಕರಿ ಹಿಡ್ಕೊಂಡು ನಿಂತಿದ್ರಿ, ಎಣಿಸಿದ್ರೆ 38 ಜನ!

ಕಾಂಗ್ರೆಸ್ ಗಿಡ ಮೈಗೆ ತಾಗಿದ್ರೆ ಎಷ್ಟು ತುರಿಕೆ ಅಂತ ಗೊತ್ತಿದ್ದೂ ತುಂಬುತೋಳಿನ ಶರ್ಟ್ ಹಾಕ್ಕೊಂಡು, ಮೂಗಿಗೆ ಬಟ್ಟೆ ಕಟ್ಕೊಂಡು ಬೇರು ಸಮೇತ ಕಿತ್ರಲ್ಲ, ಅದಕ್ಕೆ ಏನು ಹೇಳ್ಲಿ. ನೆಲ ಇನ್ನೂ ಹಸಿ ಇದ್ದಿದ್ರಿಂದ ಬೇರು ಸಲೀಸಾಗಿ ಬಂತು. ಹೂ ಬಿಟ್ಟಿರೋದನ್ನ ಗೊಬ್ಬರದ ಗುಂಡಿಗೆ ಹಾಕಿದ್ರೆ ಬೀಜ ಎಲ್ಲ ಮತ್ತೆ ತೋಟಕ್ಕೇ ಬರುತ್ತೆ ಅಂತ ಅದನ್ನ ಬೇರೆ ಮಾಡಿ ಚೀಲಕ್ಕೆ ತುಂಬಿದ್ರಿ, ಅಷ್ಟು ತಾಳ್ಮೆ ಯಾರಿಗಿರುತ್ತೆ?

ಆದ್ರೆ ನಾನು ಸಾಯೋವರ್ಗೂ ಮರೀದೇ ಇರೋದು ಸೀತಾ ಅಶೋಕದ ವಿಷ್ಯ. ರಸ್ತೆ ಬದಿ ಕಂಬದ ಥರ ಬೆಳೆಯುತ್ತಲ್ಲ ಅದಲ್ಲ, ಕಿತ್ತಳೆ ಬಣ್ಣದ ಹೂಗೊಂಚಲು ಬಿಡೋ ನಿಜವಾದ ಅಶೋಕ, ಔಷಧಿಗೆ ಅಂತ ತೊಗಟೆ ಸುಲಿದು ಸುಲಿದು ಕಾಡಲ್ಲೇ ಕಮ್ಮಿಯಾಗಿರೋ ಮರ. ಎರಡು ವರ್ಷದ ಹಿಂದೆ ಅಮ್ಮ ನೆಟ್ಟಿದ್ದು. ಆಪರೇಷನ್ ಆಗಿ ಎಚ್ಚರ ಆದ್ಮೇಲೆ ಕೇಳಿದ್ದೇ ಅದನ್ನ, ಅಶೋಕಕ್ಕೆ ಬಳ್ಳಿ ಸುತ್ಕೊಂಡಿರುತ್ತೆ ನೋಡು ಅಂತ. ನಾನು ನೋಡೇ ಇರ್ಲಿಲ್ಲ, ಚೆನ್ನಾಗಿದೆ ಅಮ್ಮ ಅಂತ ಸುಳ್ಳು ಹೇಳಿದ್ದೆ.

ಬಳ್ಳಿ ಬಿಡಿಸ್ತಿದ್ದ ಎಂಜಿನಿಯರಿಂಗ್ ಹುಡುಗಿ "ಆಂಟಿ, ಇದೊಂದು ಸತ್ತೋಗ್ತಿದೆ, ಕಿತ್ಹಾಕ್ಲಾ?" ಅಂದ್ಲು. ಅಷ್ಟರಲ್ಲಿ ಕೊನೇ ಕ್ರಾಸಿನ ಅಜ್ಜಿ ಅಲ್ಲಿಂದಾನೇ ಕೂಗಿದ್ರು, "ಮುಟ್ಬೇಡ ಮಗಾ, ಅದು ಚಿಗುರು!" ಹೋಗಿ ನೋಡಿದ್ರೆ ತಾಮ್ರದ ಬಣ್ಣದ ಎಳೆ ಎಲೆಗಳು, ಒದ್ದೆ ಬಟ್ಟೆ ಒಣಗಾಕಿದಂಗೆ ಜೋತಾಡ್ತಿವೆ. ಅಶೋಕ ಚಿಗುರೋದೇ ಹಂಗಂತೆ, ಬಾಡಿದ ಹಾಗೆ ಕಾಣುತ್ತೆ, ಆಮೇಲೆ ಹಸಿರಾಗಿ ಗಟ್ಟಿಯಾಗುತ್ತೆ ಅಂತ ಅಜ್ಜಿ ಅದರ ಪಕ್ಕದಲ್ಲೇ ಕೂತು ಹೇಳಿದ್ರು. ಆ ಹುಡುಗಿ ಮಧ್ಯಾಹ್ನದವರೆಗೂ ಬೇರೆ ಕಡೆ ಹೋಗ್ಲೇ ಇಲ್ಲ, ಸುತ್ತ ಪಾತಿ ಮಾಡಿ, ಒಣಗಿದ ಎಲೆ ಹೊದಿಸಿ, ಕೋಲು ನೆಟ್ಟು ಕಟ್ಟಿ ಆದ್ಮೇಲೇ ಎದ್ದಿದ್ದು.

ಜನ್ಮನಕ್ಷತ್ರಕ್ಕೊಂದು ಮರ ಇರೋ ನಕ್ಷತ್ರವನದ 27 ಬೋರ್ಡನ್ನೂ ಒರೆಸಿ ಭರಣಿಗೆ ನೆಲ್ಲಿ, ಕೃತ್ತಿಕೆಗೆ ಅತ್ತಿ, ರೋಹಿಣಿಗೆ ನೇರಳೆ ಅಂತ ಮುದ್ದಾದ ಅಕ್ಷರದಲ್ಲಿ ಬರೆದುಕೊಟ್ಟ ಪೇಂಟರ್ ಅಣ್ಣನಿಗೆ, ಡ್ರಿಪ್ ರಿಪೇರಿ ಮಾಡಿದ ತಾತನಿಗೆ, ಉಪ್ಪಿಟ್ಟು ಮಜ್ಜಿಗೆ ತಂದ ಮನೆಗಳಿಗೆ, ಮತ್ತೆ ತಮ್ಮ ಕೆಲಸ ಮುಗಿಸಿ ಬಂದು ಪ್ಲಾಸ್ಟಿಕ್ಕೆಲ್ಲ ಬೇರೆ ಮಾಡಿ ಗಾಡಿಗೆ ತುಂಬಿಸಿದ ಪೌರಕಾರ್ಮಿಕ ಅಕ್ಕಂದಿರಿಗೆ ಕೈ ಮುಗಿತೀನಿ.

ನಿನ್ನೆ ಸಂಜೆ ಅಮ್ಮನ್ನ ವಾಕರ್ ಹಿಡಿಸ್ಕೊಂಡು ಕರ್ಕೊಂಡೋಗಿದ್ದೆ. ಗೇಟಿಂದ ಅಶೋಕದ ಹತ್ರ ಹೋಗೋಕೆ ಕಾಲು ಗಂಟೆ ಬೇಕಾಯ್ತು. ಚಿಗುರು ಮುಟ್ಟಿ ನೋಡಿದ್ರು, ಕೋಲಿನ ಗಂಟು ಬಿಗಿಯಾಯ್ತು ಅಂತ ಬಿಚ್ಚಿ ಸಡಿಲವಾಗಿ ಕಟ್ಟಿದ್ರು, ಆಮೇಲೆ "ಬಸವನಹುಳು ಬಿಡಲ್ಲ ಇದನ್ನ" ಅಂದ್ರು. ನಿಜ, ಆಫ್ರಿಕನ್ ಬಸವನಹುಳು ತುಂಬಾ ಆಗಿವೆ. ಶನಿವಾರ ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಕೋಸಿನ ಎಲೆ ಇಟ್ಟು ಭಾನುವಾರ ಬೆಳಗ್ಗೆ ಅಲ್ಲಿ ಸೇರಿರೋ ಹುಳುಗಳನ್ನ ಆರಿಸೋಣ, ಬರಿಗೈಲಿ ಮುಟ್ಬೇಡಿ. ಹಳೇ ಗೋಣಿಚೀಲ, ಗ್ಲೌಸ್ ಇದ್ರೆ ತನ್ನಿ, ಅಮ್ಮಾನೂ ಬರ್ತಾರಂತೆ.