ಎದೆನೋವಿಗೆ ‘ಏನೂ ಇಲ್ಲ’ ಅಂದರೆ ಸಾಕೇ?

ಮಾನ್ಯ ಸಂಪಾದಕರೇ,

2025ರ ಜುಲೈನಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಕೇಳಿ ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದ್ದು ನೆನಪಿರಬಹುದು. ಅದೇ ಭಯದಲ್ಲಿ ನಾನೂ ಎದೆನೋವು ಅಂತ ನಮ್ಮೂರಿನ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಇಸಿಜಿ, ಎಕೋ ಎಲ್ಲ ಸರಿ ಇತ್ತು. ‘ನಿಮಗೇನೂ ಇಲ್ಲ, ಹೋಗಿ’ ಅಂದರು. ನೋವು ಮಾತ್ರ ನನ್ನ ಜೊತೆಗೇ ಮನೆಗೆ ಬಂತು!

ಹೃದಯ ಸರಿ ಇದ್ದರೂ ಎದೆನೋವು ಸುಳ್ಳಲ್ಲ. ಆಸಿಡಿಟಿ, ಸ್ನಾಯು ಬಿಗಿತ, ಗಾಬರಿ, ಹೀಗೆ ಕಾರಣ ಹಲವು. ಹೆದರಿದಾಗ ಉಸಿರಾಟ ಜೋರಾಗುತ್ತದೆ, ಎದೆ ಬಿಗಿಯುತ್ತದೆ, ನೋವು ಜಾಸ್ತಿಯಾಗುತ್ತದೆ. ಆಗ ಇನ್ನಷ್ಟು ಹೆದರಿಕೆ. ನಿಧಾನ ಉಸಿರಾಟ ಮತ್ತು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಸುಮಾರು 100 ವರ್ಷಗಳ ಹಿಂದೆ ರೂಪಿಸಿದ ಸ್ನಾಯು ಸಡಿಲಿಕೆ ಇಲ್ಲಿ ಹಲವರಿಗೆ ನೆರವಾಗುತ್ತವೆ. ಒಂದೊಂದೇ ಸ್ನಾಯುವನ್ನು ಕೆಲವು ಸೆಕೆಂಡು ಬಿಗಿಹಿಡಿದು ಬಿಡುವುದು, ಅಷ್ಟೇ. ಖರ್ಚಿಲ್ಲ. ನನಗೆ ಇದನ್ನು ಹೇಳಿಕೊಟ್ಟಿದ್ದು ಆ ಆಸ್ಪತ್ರೆಯಲ್ಲ, ಫಿಸಿಯೋಥೆರಪಿ ಓದುತ್ತಿರುವ ಅಕ್ಕನ ಮಗಳು.

ಹಾಗಂತ ತಪಾಸಣೆ ಬಿಟ್ಟು ಸುಮ್ನೆ ಉಸಿರು ಎಣಿಸುತ್ತ ಕೂರಬಾರದು. ಹೊಸ ನೋವು, ಬೆವರು, ಕೈಗೋ ದವಡೆಗೋ ಹರಡುವ ನೋವು ಬಂದರೆ ಮೊದಲು 108ಕ್ಕೆ ಕರೆ ಮಾಡಬೇಕು. ಆದರೆ ರಿಪೋರ್ಟ್ ಸರಿ ಬಂದವರಿಗೆ ಹತ್ತು ನಿಮಿಷ ಇದನ್ನು ಕಲಿಸಿ ಕಳಿಸಬಹುದು, ಅಲ್ವಾ?

– ಓದುಗ, ಹಾಸನ ಜಿಲ್ಲೆ