ಹೊಸ ಪಿಜಿಗಳಿಗೆ ಸ್ವಾಗತ, ರಾತ್ರಿ ಫೋನ್ ಎತ್ತಿದವರಿಗೆ ನಮಸ್ಕಾರ

ನನ್ನ ಎಂ.ಡಿ. ಮುಗಿಯಿತು. ಹುಬ್ಬಳ್ಳಿ ಕಿಮ್ಸ್‌ನ ಮಕ್ಕಳ ವಿಭಾಗದಲ್ಲಿ ಪಿಜಿ, ಅಂದರೆ ಸ್ನಾತಕೋತ್ತರ ಓದು, ಮಾಡಿದೆ, ಮೊನ್ನೆ ರಿಸಲ್ಟ್ ಬಂತು, ಪಾಸಾಗಿದ್ದೇನೆ. ಈ ಹೊತ್ತಿಗೇ ಹೊಸ ಬ್ಯಾಚ್‌ನವರು ನೀಟ್ ಪಿಜಿ, ಕೌನ್ಸೆಲಿಂಗ್ ಎಲ್ಲಾ ದಾಟಿಕೊಂಡು ಹಾಸ್ಟೆಲ್ ರೂಮು ಹುಡುಕುತ್ತಿದ್ದಾರೆ. ಎಂ.ಡಿ., ಎಂ.ಎಸ್. ಮುಗಿಸಿ ಮುಂದಿನ ಸೂಪರ್ ಸ್ಪೆಷಾಲಿಟಿ ಓದಿಗೆ, ಅಂದರೆ ಡಿ.ಎಂ., ಎಂ.ಸಿಎಚ್.ಗೆ, ಸೇರುವವರೂ ಇದ್ದಾರೆ. ನಾನು ಥ್ಯಾಂಕ್ಸ್ ಹೇಳಬೇಕಾದ ಜನ ತುಂಬಾ ಇದ್ದಾರೆ. ಅವರು ಎಂಥವರು ಅಂತ ಹೊಸಬರಿಗೂ ಗೊತ್ತಾದರೆ ಒಳ್ಳೆಯದು. ಅದಕ್ಕೇ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನಮ್ಮ ಕಾಲೇಜು ಶುರುವಾಗಿದ್ದು 1957ರಲ್ಲಿ. ಹೆಸರು ಬದಲಾದರೂ ಊರವರ ಬಾಯಲ್ಲಿ ಇವತ್ತಿಗೂ ಕಿಮ್ಸೇ. ಗದಗ, ಹಾವೇರಿ, ಕೊಪ್ಪಳ, ಮುಂಡಗೋಡ, ಹಳಿಯಾಳ, ಎಲ್ಲಾ ಕಡೆಯಿಂದ ಮಕ್ಕಳು ಬರುತ್ತಾರೆ. ತೀರಾ ಸುಸ್ತಾದ ಮಗು ಬರೋದು ಹೆಚ್ಚಾಗಿ ರಾತ್ರಿಯೇ. ಬೆಳಿಗ್ಗೆ ಊರಿನ ಡಾಕ್ಟರು, ಮಧ್ಯಾಹ್ನ ತಾಲೂಕು ಆಸ್ಪತ್ರೆ, ಅಲ್ಲಿಂದ ಆಂಬುಲೆನ್ಸ್ ಹಿಡಿದು ಇಲ್ಲಿಗೆ ಮುಟ್ಟುವಾಗ ಕತ್ತಲಾಗಿರುತ್ತೆ. ಆ ಹೊತ್ತಲ್ಲಿ ಕ್ಯಾಶುವಾಲ್ಟಿಯಲ್ಲಿ ಮೊದಲು ಸಿಗುವ ಮಕ್ಕಳ ಡಾಕ್ಟರ್ ಅಂದರೆ ಫಸ್ಟ್ ಇಯರ್ ಪಿಜಿ.

ಮೊದಲ ಧನ್ಯವಾದ ನನ್ನ ಸೀನಿಯರ್‌ಗಳಿಗೆ. ಹೊಲದಲ್ಲಿ ಹಾವು ಕಚ್ಚಿದ ಸಣ್ಣ ಹುಡುಗನೊಬ್ಬ ಬಂದಿದ್ದ. ಒಸಡಲ್ಲಿ ರಕ್ತ ಜಿನುಗುತ್ತಿತ್ತು. ಒಣಗಿದ ಸ್ವಚ್ಛ ಗಾಜಿನ ಟ್ಯೂಬಿನಲ್ಲಿ ರಕ್ತ ತೆಗೆದು, ಅಲ್ಲಾಡಿಸದೆ 20 ನಿಮಿಷ ಇಟ್ಟು ನೋಡಿದರೆ ಹೆಪ್ಪುಗಟ್ಟಿರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಕೊಳಕುಮಂಡಲ ಹಾವು ಇರಬೇಕು ಅನ್ನಿಸಿತು. ಮಕ್ಕಳ ವಿಭಾಗದಲ್ಲಿ ನಾವು ಪ್ರತಿ ಔಷಧಿಯನ್ನೂ ತೂಕ ನೋಡಿ ಕೊಡುತ್ತೇವೆ. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷದ ಇಂಜೆಕ್ಷನ್ನನ್ನೂ ಹಾಗೇ ಕೊಡಬೇಕಾ ಅಂತ ಕೇಳಲು ಸೀನಿಯರ್ ಮ್ಯಾಮ್‌ಗೆ ಫೋನ್ ಮಾಡಿದೆ. ನಿದ್ದೆಯಲ್ಲಿದ್ದರು. ಒಂದೇ ರಿಂಗಿಗೆ ಎತ್ತಿ, "ಇಲ್ಲ, 10 ವಯಲ್ ಪೂರ್ತಿ ಹಾಕು. ಮಗು ಅಂತ ಹಾವು ವಿಷ ಕಡಿಮೆ ಬಿಟ್ಟಿರಲ್ಲ. ಅಡ್ರಿನಲಿನ್ ಪಕ್ಕದಲ್ಲಿ ಲೋಡ್ ಮಾಡಿಟ್ಕೋ, ಬಂದೆ" ಅಂದರು. ಪ್ರತಿವಿಷಕ್ಕೆ ಜೋರು ಅಲರ್ಜಿ ಆದರೆ ತಕ್ಷಣ ಕೊಡುವ ಮದ್ದು ಅಡ್ರಿನಲಿನ್. ಮ್ಯಾಮ್ ಬಂದರು. ಆರು ಗಂಟೆ ಬಿಟ್ಟು ಮತ್ತೆ ಟ್ಯೂಬ್ ನೋಡುವವರೆಗೂ ಕೂತಿದ್ದರು. ಹುಡುಗ ನಡೆದುಕೊಂಡೇ ಮನೆಗೆ ಹೋದ.

ಮ್ಯಾಮ್, ನೀವು ಅವತ್ತು "ಇಷ್ಟೂ ಗೊತ್ತಿಲ್ವಾ" ಅಂದಿದ್ದರೆ, ಮುಂದಿನ ಸಲ ಫೋನ್ ಮಾಡಲು ನನ್ನ ಕೈ ಹಿಂದೇಟು ಹಾಕುತ್ತಿತ್ತು. ಆ ಹಿಂದೇಟಿನ ಬೆಲೆಯನ್ನು ಯಾವುದೋ ಮಗು ಕೊಡಬೇಕಾಗುತ್ತಿತ್ತು. ನೀವು ಒಂದು ಸಲವೂ ಹಾಗೆ ಅನ್ನಲಿಲ್ಲ. ನನ್ನ ಟ್ರೇನಿಂಗಿನಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಉಪಕಾರ ಇದೇ.

ಇನ್ನು ಸಿಸ್ಟರ್‌ಗಳು. ನಾವು ಪುಸ್ತಕ ಓದಿ ಬಂದಿರುತ್ತೇವೆ, ಅವರು ವಾರ್ಡ್ ಓದಿರುತ್ತಾರೆ. 2024ರ ಮಳೆಗಾಲದಲ್ಲಿ ಡೆಂಗಿ ಎಷ್ಟು ಜೋರಾಗಿತ್ತು ಅಂತ ಎಲ್ಲರಿಗೂ ನೆನಪಿದೆ. ಆ ವರ್ಷ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿತು. ಡೆಂಗಿಯಲ್ಲಿ ಜ್ವರ ಇಳಿದರೆ ಅಪ್ಪ ಅಮ್ಮ ಸಮಾಧಾನದ ಉಸಿರು ಬಿಡುತ್ತಾರೆ. ನಮಗೆ ಆತಂಕ ಶುರುವಾಗೋದೇ ಅಲ್ಲಿಂದ. ರಕ್ತನಾಳದಿಂದ ನೀರಿನಂಶ ಸೋರುವ, ಬಿಪಿ ಕುಸಿಯುವ ಅಪಾಯ ಜ್ವರ ಬಿಟ್ಟ ಮೇಲಿನ ಒಂದೆರಡು ದಿನದಲ್ಲೇ ಜಾಸ್ತಿ. ಒಂದು ಬೆಳಗಿನ ಜಾವ ಸಿಸ್ಟರ್ ಬಂದು, "ಡಾಕ್ಟ್ರ, ಆ ಮೂಲಿ ಬೆಡ್ಡಿನ ಹುಡುಗಿ ಜ್ವರ ಬಿಟ್ಟೈತ್ರಿ, ಆದ್ರ ಕೈ ಕಾಲು ತಣ್ಣಗದಾವು. ರಾತ್ರಿಯಿಂದ ಒಂದಕ್ಕ ಹೋಗಿಲ್ಲ" ಅಂದರು. ಮಾನಿಟರ್‌ನಲ್ಲಿ ಬಿಪಿ ಇನ್ನೂ ಚೆನ್ನಾಗಿಯೇ ಕಾಣುತ್ತಿತ್ತು. ಮಕ್ಕಳಲ್ಲಿ ಬಿಪಿ ಕೊನೆಯವರೆಗೂ ಹಿಡಿದುಕೊಂಡಿರುತ್ತೆ, ಬಿದ್ದರೆ ಒಮ್ಮೆಲೇ ಬೀಳುತ್ತೆ. ಸಿಸ್ಟರ್ ಕೈ ಮುಟ್ಟಿ ನೋಡಿದ್ದರಿಂದ ಫ್ಲೂಯಿಡ್ ಸರಿಯಾದ ಹೊತ್ತಿಗೆ ಶುರುವಾಯಿತು. ಆ ಹುಡುಗಿಯ ಮನೆಯವರು ನನಗೆ ಕೈ ಮುಗಿದರು. ಆ ನಮಸ್ಕಾರ ಸಲ್ಲಬೇಕಾದದ್ದು ಸಿಸ್ಟರ್‌ಗೆ.

ಹೊಸಬರೇ, ಸಿಸ್ಟರ್ "ಯಾಕೋ ಮಗು ಸರಿ ಕಾಣ್ತಿಲ್ಲ" ಅಂದರೆ ಊಟದ ತಟ್ಟೆ ಬಿಟ್ಟು ಏಳಿ. ಮಗುವಿನ ಅಮ್ಮ ಹಾಗೆ ಅಂದರೂ ಏಳಿ.

ಬ್ಲಡ್ ಬ್ಯಾಂಕಿನವರು, ರಾತ್ರಿ ಪಾಳಿಯ ಲ್ಯಾಬ್ ಟೆಕ್ನೀಷಿಯನ್‌ಗಳು, ಆಕ್ಸಿಜನ್ ಸಿಲಿಂಡರ್ ತಳ್ಳಿಕೊಂಡು ಓಡಿದ ಅಣ್ಣಂದಿರು, ತಾಯಂದಿರಿಗೆ ಎದೆಯ ಮೇಲೆ ಪುಟ್ಟ ಕೂಸನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ನಮಗಿಂತ ಚೆನ್ನಾಗಿ ತೋರಿಸುತ್ತಿದ್ದ ಆಯಾಗಳು, ನಿಮಗೆಲ್ಲ ನಮಸ್ಕಾರ. ಪಿಜಿಗಳು ಬರುವ ಹೊತ್ತಿಗೆ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಎತ್ತಿಡುತ್ತಿದ್ದ ಖಾನಾವಳಿಯ ಅಕ್ಕನಿಗೂ. ಥೀಸಿಸ್ ಗೈಡ್ ಸರ್‌ಗೆ ಬೇರೆಯಾಗಿಯೇ ಹೇಳಿದ್ದೇನೆ.

ಸರ್ ಕಲಿಸಿದ ಒಂದು ಸಂಗತಿಯನ್ನು ಮಾತ್ರ ಇಲ್ಲಿ ಹೇಳಲೇಬೇಕು. ಮಗು ಉಳಿಯದಿದ್ದಾಗ ಅದನ್ನು ಕಾರಿಡಾರಿನಲ್ಲಿ ನಿಂತು ಹೇಳಬಾರದು. ಅಪ್ಪ ಅಮ್ಮನನ್ನು ಕೂರಿಸಬೇಕು, ನಾವೂ ಕೂರಬೇಕು. ಮಗುವಿನ ಹೆಸರು ಹಿಡಿದು ಹೇಳಬೇಕು. "ಸೀರಿಯಸ್ ಇದೆ" ಅಂತ ಸುತ್ತಿ ಬಳಸಿ ಹೇಳದೆ, ತೀರಿಕೊಂಡಿತು ಅಂತ ಬಿಡಿಸಿ ಹೇಳಬೇಕು. ಆಮೇಲೆ ಸುಮ್ನೆ ಕೂತಿರಬೇಕು. ಅವರು ಅಳುವಾಗ ಎದ್ದು ಹೋಗಬಾರದು. ಮೊದಲ ಸಲ ಸರ್ ಹೇಳಿದರು, ನಾನು ಪಕ್ಕದಲ್ಲಿದ್ದೆ. ಮುಂದೆ ನಾನು ಹೇಳಿದೆ, ಸರ್ ಪಕ್ಕದಲ್ಲಿದ್ದರು. ಇದನ್ನು ಯಾವ ಪರೀಕ್ಷೆಯಲ್ಲೂ ಕೇಳಲ್ಲ. ಎಲ್ಲದಕ್ಕಿಂತ ಮೊದಲು ಕಲಿಸಬೇಕಾದದ್ದು ಇದನ್ನೇ ಅಂತ ನನಗೆ ಅನ್ನಿಸುತ್ತೆ.

ಮೂರು ತಿಂಗಳ ಡಿಆರ್‌ಪಿ, ಅಂದರೆ ಜಿಲ್ಲಾ ಆಸ್ಪತ್ರೆಯ ಪೋಸ್ಟಿಂಗ್, ಬರೀ ಟೈಮ್ ವೇಸ್ಟ್ ಅನ್ನುವವರ ಮಾತು ಕೇಳಬೇಡಿ. ಅಪೌಷ್ಟಿಕ ಮಕ್ಕಳ ಕೇಂದ್ರದಲ್ಲಿ ತೂಕ ದಿನಾ ಗ್ರಾಂ ಲೆಕ್ಕದಲ್ಲಿ ಏರೋದನ್ನು ನೋಡುವ ಖುಷಿ ನನಗೆ ದೊಡ್ಡ ಆಸ್ಪತ್ರೆಯಲ್ಲಿ ಸಿಕ್ಕಿರಲಿಲ್ಲ. ಕೂಲಿ ಬಿಟ್ಟು ಬಂದ ತಾಯಿ ಎರಡು ವಾರ ಅಲ್ಲಿ ಉಳಿಯಬೇಕೆಂದರೆ ಮನೆಯಲ್ಲಿ ಏನೇನು ಏರುಪೇರಾಗುತ್ತೆ ಅನ್ನೋದು ನನಗೆ ತಿಳಿದಿದ್ದು ಅಲ್ಲಿಯೇ. ಆ ತಾಯಂದಿರನ್ನು ಒಪ್ಪಿಸಿ ಕರೆದುಕೊಂಡು ಬರುತ್ತಿದ್ದ ಆಶಾ ಅಕ್ಕಂದಿರಿಗೆ ದೊಡ್ಡ ನಮಸ್ಕಾರ.

ನಿದ್ದೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ 1992ರ ನಿಯಮದಲ್ಲೇ ನಮ್ಮಂಥ ಪಿಜಿ ಡಾಕ್ಟರಿಗೆ, ಅಂದರೆ ರೆಸಿಡೆಂಟ್‌ಗೆ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಮ 12 ಗಂಟೆಗಿಂತ ಹೆಚ್ಚಿಲ್ಲ ಅಂತ ಇದೆ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ದಾಟಬಾರದು, ಒಂದು ದಿನ ರಜೆ ಬೇಕು ಅಂತ ಶಿಫಾರಸು ಮಾಡಿತು. ದೇಶದ ರೆಸಿಡೆಂಟ್‌ಗಳು ಎಷ್ಟು ದುಡಿಯುತ್ತಾರೆ ಅಂತ ಈ ರಂಗದಲ್ಲಿರುವ ಎಲ್ಲರಿಗೂ ಗೊತ್ತು. ನಿದ್ದೆಗೆಟ್ಟ ಡಾಕ್ಟರ್ ರೋಗಿಗೂ ಒಳ್ಳೆಯದಲ್ಲ. ಇದನ್ನು ಕೇಳುವುದು ಸೋಮಾರಿತನ ಅಲ್ಲ, ಅಲ್ವಾ? ಮನಸ್ಸು ಕುಸಿದಾಗ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು. ನನ್ನ ರೂಂಮೇಟ್ ಒಂದು ಕಷ್ಟದ ತಿಂಗಳಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಆ ಫೋನ್ ಮಾಡಿಸಿದಳು. ಅವಳ ಋಣ ತೀರಿಸುವುದು ಹೇಗೆ ಅಂತ ನನಗೆ ಗೊತ್ತಿಲ್ಲ.

ಅಪ್ಪ, ಅಮ್ಮ, ಹಬ್ಬಕ್ಕೆ ಬರಲ್ಲ ಅಂತ ಹೇಳಿದಾಗಲೆಲ್ಲ "ಮಕ್ಕಳು ಹೇಗಿದ್ದಾರೆ" ಅಂತ ವಾರ್ಡಿನ ಮಕ್ಕಳನ್ನೇ ವಿಚಾರಿಸುತ್ತಿದ್ದಿರಿ. ಥ್ಯಾಂಕ್ಸ್.

ಹೊಸಬರಿಗೆ ಕೊನೆಯದಾಗಿ ಒಂದು ವಿಷಯ. ಪಿಐಸಿಯು, ಅಂದರೆ ಮಕ್ಕಳ ತೀವ್ರ ನಿಗಾ ಘಟಕದ, ಡ್ಯೂಟಿ ರೂಮಿನ ಗೋಡೆಯ ಮೇಲೆ ಸೀನಿಯರ್‌ಗಳ ನಂಬರ್ ಬರೆದ ಚೀಟಿ ಇದೆ. ನಾನು ಸರ್ಕಾರಿ ಸೇವೆಗೆ ಯಾವ ಊರಿಗೆ ಹೋಗುತ್ತೇನೋ ಇನ್ನೂ ಗೊತ್ತಾಗಿಲ್ಲ. ಆದರೂ ಆ ಚೀಟಿಯಿಂದ ನನ್ನ ಹೆಸರು ಅಳಿಸಬೇಡಿ ಅಂತ ಹೇಳಿ ಬಂದಿದ್ದೇನೆ. ಮೊದಲು ನಿಮ್ಮ ಡ್ಯೂಟಿ ಸೀನಿಯರ್‌ಗೆ ಮಾಡಿ. ಅವರು ಬೇರೆ ಮಗುವಿನ ಹತ್ತಿರ ಇದ್ದರೆ ನನಗೆ ಮಾಡಿ. ಎಷ್ಟು ಹೊತ್ತಾದರೂ ಎತ್ತುತ್ತೇನೆ.