ಐದು ಪದ, ಐದು ನೆನಪು

ಪ್ರೀತಿಯ ತಮ್ಮಾ,

ನಿನ್ನ ಕಥೆ ಎರಡು ಸಲ ಓದಿದೆ. ಹದಿನಾಲ್ಕು ಪುಟದಲ್ಲಿ ಆರು ಕಡೆ ‘ಅಪ್ಪ ದೇವರಂಥ ಮನುಷ್ಯ’ ಅಂತ ಬರುತ್ತದೆ. ಆದರೆ ಆ ದೇವರು ಒಮ್ಮೆಯೂ ಮಗನ ಪಕ್ಕ ಬಂದು ಕೂರುವುದಿಲ್ಲ. ಯಾಕೆ ಅಂತ ಫೋನಿನಲ್ಲಿ ಕೇಳಿದ್ದಕ್ಕೆ, ‘ಆ ಮಗನಿಗೆ ಚಿಕ್ಕಂದಿನದು ಜಾಸ್ತಿ ನೆನಪಿಲ್ಲ ಸಾರ್’ ಅಂದುಬಿಟ್ಟೆ. ಅದನ್ನೇ ಬರೆಯಬೇಕಿತ್ತು ಮಾರಾಯ!

1980ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮೇರಿ ಮೇನ್ ಎಂಬ ಮನಃಶಾಸ್ತ್ರಜ್ಞೆ ತಮ್ಮ ಜೊತೆಗಾರರೊಂದಿಗೆ, ದೊಡ್ಡವರನ್ನು ಅವರ ಬಾಲ್ಯದ ಬಗ್ಗೆ ಕೇಳುವ ಒಂದು ಸಂದರ್ಶನ ರೂಪಿಸಿದರು. ಚಿಕ್ಕಂದಿನಲ್ಲಿ ಅಮ್ಮನ ಜೊತೆ ನಿಮ್ಮ ಒಡನಾಟ ಹೇಗಿತ್ತು, ಐದು ಪದ ಹೇಳಿ ಅಂತ ಕೇಳುತ್ತಾರೆ. ಅಪ್ಪನ ಬಗ್ಗೆಯೂ ಹಾಗೇ. ಪದ ಹೇಳುವುದು ಸುಲಭ. ಆಮೇಲೆ ಒಂದೊಂದು ಪದಕ್ಕೂ ಒಂದೊಂದು ನೆನಪು ಕೊಡಿ ಅನ್ನುತ್ತಾರೆ. ಸಿಕ್ಕಿಬೀಳುವುದು ಅಲ್ಲಿ.

ನಾನೂ ಒಮ್ಮೆ ಸುಮ್ನೆ ಕೂತು ಬರೆದು ನೋಡಿದೆ. ಅಮ್ಮನಿಗೆ ಮೊದಲು ಬಂದ ಪದ ‘ಅಕ್ಕರೆ’. ಅದಕ್ಕೊಂದು ನೆನಪು? ಅರ್ಧ ಗಂಟೆ ಬರಲಿಲ್ಲ. ಕೊನೆಗೆ ಬಂದದ್ದು ಇದು: ನನಗೆ ಜ್ವರ. ಅಮ್ಮ ಗಂಜಿಯ ಲೋಟ ಕಿಟಕಿಯ ಕಟ್ಟೆ ಮೇಲೆ ಟಕ್ ಅಂತ ಇಟ್ಟು, ನನ್ನ ಕಡೆ ನೋಡದೆ ಹೊರಗೆ ಹೋದಳು. ಗಂಜಿ ಆರಿ ಮೇಲೆ ಕೆನೆ ಕಟ್ಟುವವರೆಗೂ ನಾನು ಅದನ್ನೇ ನೋಡುತ್ತಾ ಮಲಗಿದ್ದೆ. ಇದರಿಂದ ಅಮ್ಮ ಕೆಟ್ಟವಳಾಗಲಿಲ್ಲ. ಹಟ್ಟಿಯಲ್ಲಿ ಮೂರು ದನ, ಒಳಗೆ ಆರು ಜನ ಅವಳಿಗೆ. ಆದರೆ ನಾನು ಐವತ್ತು ವರ್ಷ ಬರೆದ ಅಮ್ಮಂದಿರೆಲ್ಲ ಎಷ್ಟು ಸುಳ್ಳು ಅಂತ ಅವತ್ತು ಗೊತ್ತಾಯಿತು.

ಆ ಸಂದರ್ಶನದಲ್ಲಿ ಬಾಲ್ಯ ಸಿಹಿಯೋ ಕಹಿಯೋ ಅನ್ನುವುದಕ್ಕಿಂತ ಹೇಳುವ ರೀತಿ ಮುಖ್ಯ. ಕೆಲವರು ‘ತುಂಬಾ ಚೆನ್ನಾಗಿತ್ತು’ ಅಂದು ಮುಗಿಸುತ್ತಾರೆ, ಪುರಾವೆ ಕೇಳಿದರೆ ಮರೆತಿದೆ ಅನ್ನುತ್ತಾರೆ. ಕೆಲವರಿಗೆ ನಿಲ್ಲಿಸುವುದೇ ಕಷ್ಟ. ಇಪ್ಪತ್ತು ವರ್ಷದ ಹಿಂದಿನ ಜಗಳ ಇವತ್ತು ಬೆಳಗ್ಗೆ ಆದ ಹಾಗೆ ಹೇಳುತ್ತಾರೆ. ಇನ್ನು ಕೆಲವರು ಏಟು ತಿಂದು ಬೆಳೆದಿದ್ದರೂ ಅದನ್ನು ಅಳತೆ ತಪ್ಪದೆ, ತಡವರಿಸದೆ ಹೇಳಬಲ್ಲರು. ಭದ್ರವಾದ ಮನಸ್ಸು ಅಂತ ಎಣಿಸುವುದು ಇಂಥವರನ್ನು.

‘ನೆನಪಿಲ್ಲ’ ಅನ್ನುವವನು ಸುಳ್ಳುಗಾರ ಅಂದುಕೊಳ್ಳಬೇಡ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರಿಗೆ ಸಂಬಂಧಗಳ ಕುರಿತ ಒಂದು ಸಂದರ್ಶನ ಕೇಳಿಸಿ, ಆಮೇಲೆ ಏನು ನೆನಪಿದೆ ಅಂತ ಕೇಳಿದರು. ಹತ್ತಿರದವರಿಂದ ದೂರ ಉಳಿಯುವ ಸ್ವಭಾವದವರಿಗೆ ಕಡಿಮೆ ನೆನಪಿತ್ತು. ಹಾಗಂತ ಅವರು ಬೇಗ ಮರೆಯುತ್ತಿರಲಿಲ್ಲ, ಮರೆವಿನ ವೇಗ ಎಲ್ಲರಿಗೂ ಒಂದೇ. ಕೇಳುವಾಗಲೇ ಅವರು ಕಡಿಮೆ ಒಳಗೆ ಬಿಟ್ಟುಕೊಂಡಿದ್ದರು. ಬಾಗಿಲಲ್ಲೇ ತಡೆ. ಕಥೆಗಾರನಿಗೆ ಇದು ಚಿನ್ನ ಕಣಪ್ಪಾ.

ಇನ್ನೊಂದು. ಮೇರಿ ಐನ್ಸ್‌ವರ್ತ್ ಎಂಬ ಇನ್ನೊಬ್ಬ ಮನಃಶಾಸ್ತ್ರಜ್ಞೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಒಂದು ವರ್ಷದ ಮಕ್ಕಳನ್ನು ನೋಡಿದ್ದು ನಿನಗೂ ಗೊತ್ತಿರಬಹುದು. ಅಮ್ಮ ಹೊರಗೆ ಹೋಗಿ ಮರಳಿ ಬರುತ್ತಾಳೆ. ಕೆಲವು ಮಕ್ಕಳು ತಲೆ ಎತ್ತುವುದೇ ಇಲ್ಲ, ಆಟದಲ್ಲೇ ಇರುತ್ತವೆ. ಪಾಪ, ಎಷ್ಟು ಒಳ್ಳೆ ಮಗು ಅನ್ನಿಸುತ್ತದೆ, ಅಲ್ವಾ? ಆಮೇಲೆ ಬೇರೆಯವರು ಎದೆಬಡಿತ ಅಳೆದರು. ಅಂಥ ಮಗುವಿನ ಎದೆಯೂ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ನಿನ್ನ ಕಥೆಯ ಹುಡುಗ ಅಪ್ಪನ ಮುಂದೆ ಲೆಕ್ಕ ಮಾಡುತ್ತಾ ಕೂತಿರುವುದೂ ಹಾಗೇ ಕಾಣಿಸಿತು ನನಗೆ.

ಆದರೆ ಈ ಹೆಸರು, ವಿಂಗಡಣೆ ಯಾವುದನ್ನೂ ಕಥೆಯೊಳಗೆ ತರಬೇಡ. ಪಾತ್ರಕ್ಕೆ ಚೀಟಿ ಅಂಟಿಸಿದರೆ ಅದು ರೋಗಿಯಾಗುತ್ತದೆ, ಮನುಷ್ಯನಾಗುವುದಿಲ್ಲ. ಅವನು ಯಾವ ಮಾತಿಗೆ ಬಂದಾಗ ವಿಷಯ ಬದಲಿಸುತ್ತಾನೆ, ಎಲ್ಲಿ ‘ಎಲ್ಲರ ಮನೆಯಲ್ಲೂ ಹಾಗೇ’ ಅನ್ನುತ್ತಾನೆ, ಅಷ್ಟು ತೋರಿಸು. ಉಳಿದದ್ದು ಓದುಗ ನೋಡಿಕೊಳ್ಳುತ್ತಾನೆ.

ನಾಲ್ಕನೇ ಪುಟದಲ್ಲಿ ಒಂದು ಸಾಲಿದೆ. ಓಣಿ ತಿರುವಿನಲ್ಲಿ ಅಪ್ಪನ ಸ್ಕೂಟರ್ ಸದ್ದು ಕೇಳಿದ ಕೂಡಲೇ ಮನೆಯಲ್ಲಿ ಯಾರೋ ಟಿವಿ ಆಫ್ ಮಾಡುತ್ತಾರೆ. ನೀನು ಓಡಿಕೊಂಡು ಮುಂದಿನ ಸಾಲಿಗೆ ಹೋಗಿದ್ದೀಯ. ಯಾರು ಆಫ್ ಮಾಡಿದ್ದು? ಆಮೇಲೆ ಎಲ್ಲರೂ ಎಲ್ಲೆಲ್ಲಿ ಹೋಗಿ ಕೂತರು? ಅಷ್ಟು ಬರೆದು ಕಳಿಸು.

ನಿನ್ನ
ಅಣ್ಣ